ತುಕ್ಕಿಗೆ ಪಾಲಿಶ್

ಜಯನಗರದ ಅಡ್ಡರಸ್ತೆಯೊಂದರಲ್ಲಿ, ಹೊಂಗೆ ಮರದ ಕೆಳಗೆ, ಎರಡು ಕವರ್ ಹೊದ್ದು ಒಂದು ವಾಹನ ಮಲಗಿದೆ ಎಂದರೆ ಅದರ ಒಡೆಯರು ಎಂಥವರೆಂದು ಕವರ್ ತೆಗೆಯದೆಯೇ ಹೇಳಬಹುದು. ಇವರನ್ನು ಪಿಕಪ್ ಮಹಾಶಯರು ಎನ್ನೋಣ. ವಯಸ್ಸು ಐವತ್ತರ ಆಚೀಚೆ. ಸಾಫ್ಟ್‌ವೇರಿನಲ್ಲಿ ಇದ್ದಾರೆ, ಇಲ್ಲವೇ ಇದ್ದರು. ಸಕಲೇಶಪುರದ ಕಡೆಯ ಯಾವುದೋ ಕಾಫಿ ತೋಟದ ಶೆಡ್ಡಿನಲ್ಲಿ ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಗಿದ್ದ ಹಳೇ ಮಹೀಂದ್ರಾ ಪಿಕಪ್ಪನ್ನು ಅಗ್ಗಕ್ಕೆ ಕೊಂಡು, ಅದರ ಹತ್ತರಷ್ಟು ಸುರಿದು, 'ದಿನಾ ಓಡಿಸೋ ಹಾಗೆ' ಮಾಡಿಸಿಕೊಂಡಿದ್ದಾರೆ. ಇವರಿಗೆ ಹಳೆಯದೆಂದರೆ ಪ್ರಾಣ ಎಂದು ಬಡಾವಣೆ ನಂಬಿದೆ. ನನಗೆ ನಂಬಿಕೆಯಿಲ್ಲ. ಗಾಡಿಯಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಲೆಕ್ಕ ಹಾಕಿದರೆ ಸಿಗುವ ಉತ್ತರ ಬೇರೆ: ಅವರ ಮೈಗೆ ತಾಗುವುದೆಲ್ಲ ಹೊಸದು, ನಮ್ಮ ಕಣ್ಣಿಗೆ ಬೀಳುವುದೆಲ್ಲ ಹಳೆಯದು.

ಮೂಲ ಗಾಡಿ ಹೇಗಿತ್ತೆಂದು ಮೊದಲು ನೆನೆಯಬೇಕು. 1947ರಲ್ಲಿ ವಿಲ್ಲೀಸ್ ಜೀಪನ್ನು ಇಲ್ಲಿಗೆ ತಂದ ಮಹೀಂದ್ರಾ ಕಂಪನಿ, 1965ರ ಹೊತ್ತಿಗೆ ಅದೇ ಮನೆತನದ ಎಫ್‌ಸಿ, ಅಂದರೆ ಫಾರ್ವರ್ಡ್ ಕಂಟ್ರೋಲ್ ಎಂಬ ಸಣ್ಣ ಲಾರಿಯನ್ನು ತಯಾರಿಸತೊಡಗಿತು. ಮೂತಿಯಿಲ್ಲದ ಗಾಡಿ ಅದು. ಎಂಜಿನ್ನು ಕ್ಯಾಬಿನ್ನಿನೊಳಗೇ, ಡ್ರೈವರಿಗೂ ಪಕ್ಕದವನಿಗೂ ನಡುವೆ, ಮೂರನೆಯ ಪ್ರಯಾಣಿಕನಂತೆ ಬಿಸಿಯುಸಿರು ಬಿಡುತ್ತ ಕೂತಿರುತ್ತಿತ್ತು. ಪವರ್ ಸ್ಟೀರಿಂಗ್ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಕೆಳಗೆ ಲೀಫ್ ಸ್ಪ್ರಿಂಗು. ಗೊಬ್ಬರ, ಕಾಫಿ ಮೂಟೆ, ಕೂಲಿಯಾಳುಗಳನ್ನೆಲ್ಲ ಹೊತ್ತು ಘಟ್ಟ ಹತ್ತಿಸಿದ ಡ್ರೈವರು ಕೆಳಗಿಳಿದರೆ ಮೊದಲು ಹಿಡಿದುಕೊಳ್ಳುತ್ತಿದ್ದದ್ದು ಸೊಂಟವನ್ನು. ಈಗ ಒಳಗೆ ಇಣುಕಿ. ಎಂಜಿನ್ನು ಬೊಲೆರೊ ವಂಶದ್ದು. ಸ್ಟೀರಿಂಗು ಒಂದೇ ಬೆರಳಿಗೆ ತಿರುಗುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಡ್ಯಾಶ್‌ಬೋರ್ಡಿನ ಕೆಳಗೆ ಎಸಿ, ಬೆನ್ನಿಗೆ ತಂಗಾಳಿ ಬಿಡುವ ಸೀಟು. ತಗಡಿನ ಒಳಮೈಗೆ ಸದ್ದು ತಡೆಯುವ ಹಾಳೆ ಅಂಟಿಸಿ, ಗಾಡಿಯ ಬಾಯಿ ಹೀಗೆ ಮುಚ್ಚಿಸಿದ ಮೇಲೆ ಸ್ಪೀಕರಿನಲ್ಲಿ ರಾಜ್‌ಕುಮಾರ್ ಹಾಡು. ಹೊರಗೆ ಮಾತ್ರ ಯಾರೂ ಕೈ ಹಚ್ಚುವಂತಿಲ್ಲ. ಬಾಗಿಲ ಮೂಲೆಯ ತುಕ್ಕನ್ನು ಉಜ್ಜಿಸಿಲ್ಲ. ಅದು ಹೆಚ್ಚದಂತೆ, ಕಡಿಮೆಯೂ ಆಗದಂತೆ, ಮೇಲೆ ಗಾಜಿನಂಥ ಪಾಲಿಶ್ ಹೊಡೆಸಿದ್ದಾರೆ. ತುಕ್ಕಿಗೂ ಯೋಗ ಬೇಕು. ಕೆಎ ಬರುವುದಕ್ಕೆ ಮುಂಚಿನ, ಎಂವೈ ಎಂದು ಶುರುವಾಗುವ ನಂಬರ್ ಪ್ಲೇಟಂತೂ ಹೆಡ್‌ಲೈಟಿಗಿಂತ ಹೆಚ್ಚು ಹೊಳೆಯುತ್ತದೆ.

ಇದಕ್ಕಿಂತ ಬಲವಾದ ಸಾಕ್ಷಿ ಗಾಡಿಯ ಹಿಂಭಾಗದಲ್ಲಿದೆ. ಒಂದು ಕಾಲಕ್ಕೆ ಗೊಬ್ಬರ ಸುರಿಯುತ್ತಿದ್ದ ಜಾಗಕ್ಕೆ ಈಗ ತೇಗದ ಹಲಗೆ ಹಾಸಿದೆ. ಸಾಮಾನು ಹೊರುವುದಕ್ಕೆಂದೇ ಹುಟ್ಟಿದ ಗಾಡಿ ಭಾನುವಾರ ಬೆಳಿಗ್ಗೆ ಗಾಂಧಿಬಜಾರಿಗೆ ಮಸಾಲೆ ದೋಸೆಗೆ ಹೋಗಿ, ಬರುವಾಗ ಒಂದು ಕಟ್ಟು ಕೊತ್ತಂಬರಿ ತರುತ್ತದೆ. ಅದೂ ಮುಂದಿನ ಸೀಟಿನಲ್ಲಿ. ಹಿಂದೆ ಇಟ್ಟರೆ ಹಲಗೆಯ ಮೇಲೆ ನೀರು ತೊಟ್ಟಿಕ್ಕುತ್ತದಲ್ಲ. ಪಕ್ಕದ ಮನೆಯ ಆಂಟಿ, "ಹೇಗೂ ಪಿಕಪ್ ಇದೆಯಲ್ಲಪ್ಪ, ಈ ಫ್ರಿಜ್ಜನ್ನ ಬನಶಂಕರೀಲಿರೋ ನಮ್ಮ ಮಗಳ ಮನೆಗೆ ಬಿಟ್ಟುಬಿಡ್ತೀಯಾ?" ಎಂದರೆ ಮಹಾಶಯರು ಮುಖದ ನಗು ಮಾಸದಂತೆ ಫೋನು ತೆಗೆದು ಟಾಟಾ ಏಸ್ ಬುಕ್ ಮಾಡಿಕೊಡುತ್ತಾರೆ. ಬೇಕಾದರೆ ಬಾಡಿಗೆಯನ್ನೂ ಅವರೇ ಕೊಟ್ಟಾರು.

ಬದಲಾವಣೆ ಸುರಕ್ಷತೆಗಾಗಿ ಅಲ್ಲವೇ ಎಂದು ಕೇಳುವವರಿದ್ದಾರೆ. ಕೇಳತಕ್ಕದ್ದೇ. ಬಿಟಿಎಂನಿಂದ ಸಿಲ್ಕ್ ಬೋರ್ಡ್ ಕಡೆಗೆ ಸಂಜೆ ಹೊತ್ತು ತೆವಳುವಾಗ, ಡೆಲಿವರಿ ಹುಡುಗರು ಎಡಕ್ಕೂ ಬಲಕ್ಕೂ ತೂರುತ್ತಿರುವಾಗ, ಡ್ರಮ್ ಬ್ರೇಕಿನ ಮೇಲೆ ನಿಂತು ರಾಮ ರಾಮ ಎನ್ನುವುದು ಪರಂಪರೆಯಲ್ಲ, ಪಾಪ. ಡಿಸ್ಕ್ ಬ್ರೇಕನ್ನೂ ಸೀಟ್ ಬೆಲ್ಟನ್ನೂ ನಾನು ಲೆಕ್ಕದಿಂದ ಬಿಟ್ಟೆ. ಆದರೆ ಬೆನ್ನು ತಂಪಾಗಿಸುವ ಸೀಟು ಯಾವ ಅಪಘಾತ ತಪ್ಪಿಸುತ್ತದೆ? ಇನ್ನು ಕೆಲವರ ವಾದ ಅಡುಗೆಮನೆಯಿಂದ ಬರುತ್ತದೆ: ಅಜ್ಜಿ ಒರಳಲ್ಲಿ ರುಬ್ಬುತ್ತಿದ್ದ ಚಟ್ನಿಯನ್ನು ನಾವು ಮಿಕ್ಸಿಗೆ ಹಾಕುತ್ತೇವೆ, ರುಚಿ ಇಟ್ಟುಕೊಂಡು ರಟ್ಟೆನೋವು ಬಿಟ್ಟರೆ ತಪ್ಪೇನು? ತಪ್ಪೇನಿಲ್ಲ. ಆದರೆ ಮಿಕ್ಸಿಗೆ ಕಲ್ಲಿನ ಬಣ್ಣ ಬಳಿದು, ಬಂದವರೆದುರು 'ನಮ್ಮನೇಲಿ ಒರಳೇ' ಎನ್ನುವವರನ್ನು ಯಾರೂ ಕಂಡಿಲ್ಲ. ಮಹಾಶಯರಾದರೋ, ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೋದವನು "ಏನ್ ಸಾರ್, ಇನ್ನೂ ಓಡ್ತಾ ಇದ್ಯಾ?" ಎಂದರೆ, "ಆಗಿನೋರು ಮಾಡಿದ್ದು ಅಂದ್ರೆ ಹಂಗೆ ಕಣಪ್ಪ" ಎಂದು, ಆಗಿನವರು ಮಾಡದೇ ಇದ್ದ ಎಂಜಿನ್ನನ್ನು ಗುರ್ ಎನಿಸುತ್ತಾರೆ.

ಸರ್ಕಾರದ ಪುಸ್ತಕದಲ್ಲೂ ಇವರಿಗೆ ಸಲೀಸಾದ ಜಾಗವಿಲ್ಲ. 2021ರ ನಿಯಮದಂತೆ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿ 50 ವರ್ಷ ದಾಟಿ ಮೂಲರೂಪದಲ್ಲೇ ಇರಬೇಕು. 20,000 ರೂಪಾಯಿ ಕಟ್ಟಿ ನೋಂದಾಯಿಸಿದ ಮೇಲೂ ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನದ ನೆಪ ಬಿಟ್ಟು ದಿನಾ ರಸ್ತೆಗಿಳಿಸುವಂತಿಲ್ಲ. ಅತ್ತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬೇಡಿ ಎನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಎಫ್‌ಸಿ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ಮಹಾಶಯರು ಎಸಿ ಹಾಕಿಕೊಂಡೇ ಬೆವರುತ್ತಾರೆ.

ಹಾಗೆಂದು ಇವರನ್ನು ಬೈದುಬಿಡುವುದೂ ನ್ಯಾಯವಲ್ಲ. ಇವರು ಕೊಳ್ಳದಿದ್ದರೆ ಆ ಗಾಡಿ ಗುಜರಿ ಸೇರಿ ಕೆಜಿ ಲೆಕ್ಕದಲ್ಲಿ ಹೋಗುತ್ತಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೂ, ಹಳೇ ಜೀಪಿನ ನಾಡಿ ಬಲ್ಲ ನಾಲ್ಕಾರು ಮೆಕ್ಯಾನಿಕ್ಕುಗಳಿಗೂ ಇವರ ಹುಚ್ಚಿನಿಂದ ಒಂದಿಷ್ಟು ವ್ಯಾಪಾರ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಕೆಂಪು ಗಾರೆಯ ಮನೆ ಕೆಡವಿ ನಾಲ್ಕಂತಸ್ತು ಏರಿಸುವವರು ಹಳೇ ಬಾಗಿಲೊಂದನ್ನೇ ಲಾಬಿಯಲ್ಲಿ ಒರಗಿಸಿ ಹೂಕುಂಡ ಇಡುತ್ತಾರೆ. ಅವರ ಪಕ್ಕದಲ್ಲಿಟ್ಟು ನೋಡಿದರೆ ಇಡೀ ಮೈಯನ್ನೇ ಉಳಿಸಿದ ನಮ್ಮ ಮಹಾಶಯರು ಸಂಪ್ರದಾಯಸ್ಥರೇ ಸರಿ. ಎದುರಾದರೆ ಗಾಡಿಯನ್ನು ಹೊಗಳಿ, ತುಕ್ಕನ್ನು ಮುಟ್ಟಿ ನೋಡಿ. ಎಂಜಿನ್ನಿನ ಮುಚ್ಚಳ ಎತ್ತಿ ತೋರಿಸಿ ಎನ್ನಬೇಡಿ. ಫ್ರಿಜ್ಜಿನ ಮಾತಂತೂ ಎತ್ತಲೇಬೇಡಿ.