ಉಳುಕು ಮೀಮಾಂಸೆ ಅಥವಾ ಪಥಸಂಚಲನಪೂರ್ವ ಗುಲ್ಫವ್ಯಥಾ ವಿಚಾರ

1. ಪ್ರಸ್ತಾವನೆ

ಅಡಿಕೆಯ ಕೊಳೆರೋಗದ ಬಗ್ಗೆ ಮಲೆನಾಡಿನಲ್ಲಿ ಸಂಶೋಧನೆಗೆ ಕೊರತೆಯಿಲ್ಲ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು ನೂರು ವರ್ಷಗಳ ಹಿಂದೆಯೇ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ, ನೀರು 100 ಲೀಟರ್ ಎಂಬುದು ಇಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ. ಆದರೆ ಅದೇ ಮಳೆಗಾಲದಲ್ಲಿ, ಎರಡನೇ ಸಲದ ಔಷಧಿ ಹೊಡೆಯುವ ಹೊತ್ತಿಗೆ ಸರಿಯಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಕಾಣಿಸಿಕೊಳ್ಳುವ ಇನ್ನೊಂದು ಪೀಡೆಯತ್ತ ವಿದ್ವಾಂಸರು ಕಣ್ಣೆತ್ತಿಯೂ ನೋಡಿಲ್ಲ. ಆಗಸ್ಟ್ 15ರ ಪಥಸಂಚಲನಕ್ಕೆ ಮೂರು ದಿನ ಉಳಿದಿರುವಾಗ ಕಾಲು ಉಳುಕುವುದೇ ಆ ಪೀಡೆ. ಈ ಕೊರತೆಯನ್ನು ತುಂಬಿಕೊಡುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಬಂಧಕಾರನು ಈ ಮೂರೂ ತಾಲೂಕುಗಳಲ್ಲಿ ಜಾರಿದ ಅನುಭವವುಳ್ಳವನಾದ್ದರಿಂದ ಅವನ ಅರ್ಹತೆಯನ್ನು ಯಾರೂ ಪ್ರಶ್ನಿಸಬಾರದಾಗಿ ವಿನಂತಿ.

2. ಕ್ಷೇತ್ರ ನಿರೂಪಣೆ

ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸನಗರ ತಾಲೂಕಿನ ಹುಲಿಕಲ್, ಮಾಸ್ತಿಕಟ್ಟೆಗಳು ‘ನಾವೇನು ಕಡಿಮೆ’ ಎಂದು ಪೈಪೋಟಿಗೆ ನಿಂತಿವೆ. ಸಾಗರದ ಪೇಟೆಯಲ್ಲಿ ಮಳೆ ಇವೆರಡಕ್ಕಿಂತ ಕಡಿಮೆಯಾದರೂ ಜಾರುವ ಸೌಲಭ್ಯಕ್ಕೆ ಅಲ್ಲಿಯೂ ಕೊರತೆಯಿಲ್ಲ. ಜುಲೈ ತಿಂಗಳಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಘೋಷಣೆಯಾಗುತ್ತದೆ. ಆಗಸ್ಟ್ 15ಕ್ಕೆ ಮಾತ್ರ ಆಕಾಶವೇ ಕಳಚಿ ಬಿದ್ದರೂ ರಜೆಯಿಲ್ಲ. ಆದ್ದರಿಂದ ಇಡೀ ಮಳೆಗಾಲದಲ್ಲಿ ಮಲೆನಾಡಿನ ಹುಡುಗನೊಬ್ಬ ತಪ್ಪಿಸಿಕೊಳ್ಳಲಾಗದ ಹಾಜರಿ ಎಂದರೆ ಇದೊಂದೇ.

ಇಲ್ಲಿನ ನೆಲ ನಡೆಯುವವರಿಂದ ಪೂರ್ಣ ಗಮನವನ್ನು ಬೇಡುತ್ತದೆ. ಅಂಗಳ ಪಾಚಿಗಟ್ಟಿದೊಡನೆ ಮನೆಯವರು ಬಾಗಿಲಿನಿಂದ ಕೊಟ್ಟಿಗೆಯವರೆಗೆ ಅಡಿಕೆ ದಬ್ಬೆ ಹಾಸುತ್ತಾರೆ, ಸೋಗೆ ಹರಡುತ್ತಾರೆ. ಆ ದಬ್ಬೆಯ ಮೇಲೆ ನಡೆಯುವ ಕ್ರಮವೇ ಬೇರೆ. ತಲೆ ತಗ್ಗಿರಬೇಕು; ಹೆಬ್ಬೆರಳು ಮೊದಲು ನೆಲವನ್ನು ವಿಚಾರಿಸಬೇಕು; ಅದು ಒಪ್ಪಿಗೆ ಕೊಟ್ಟ ಮೇಲೆ ಹಿಮ್ಮಡಿ ಊರಬೇಕು; ಕೈಯಲ್ಲಿ ಹಾಲಿನ ತಂಬಿಗೆ ಇದ್ದರೆ ಮಾತಾಡಬಾರದು. ಹೀಗೆ ಶತಮಾನಗಳಿಂದ ತಿದ್ದಿದ ನಡಿಗೆಯನ್ನು ಆಗಸ್ಟ್ ಒಂದನೇ ತಾರೀಖಿಗೆ ಪೀಟಿ ಮೇಷ್ಟ್ರು ಸೀಟಿ ಊದಿ ರದ್ದುಗೊಳಿಸುತ್ತಾರೆ.

3. ಐತಿಹಾಸಿಕ ಆಧಾರಗಳು

ಕೆಳದಿಯ ಅರಸರು ಮೊದಲು ಕೆಳದಿಯಲ್ಲಿದ್ದರು, ಬಳಿಕ ಇಕ್ಕೇರಿಗೆ ಹೋದರು, 17ನೇ ಶತಮಾನದಲ್ಲಿ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ, ಬಂದು ನಿಂತರು. ಸಾಗರ ತಾಲೂಕಿನಿಂದ ಹೊಸನಗರ ತಾಲೂಕಿಗೆ ನಡೆದ ಈ ರಾಜಧಾನಿ ಅಲ್ಲಿಂದ ಮುಂದೆ ಏಕೆ ನಡೆಯಲಿಲ್ಲ? ಇತಿಹಾಸಕಾರರು ಕೋಟೆ, ವ್ಯಾಪಾರ, ಘಟ್ಟದ ದಾರಿ ಎಂದು ಏನೇನೋ ಕಾರಣ ಕೊಡುತ್ತಾರೆ. ನಗರದ ಮಳೆಯಲ್ಲಿ ಒಮ್ಮೆ ನಡೆದು ನೋಡಿದವರಿಗೆ ಬೇರೆ ಕಾರಣ ಬೇಕಾಗುವುದಿಲ್ಲ. ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟಾಗ ಔರಂಗಜೇಬನ ಸೈನ್ಯ ಇತ್ತ ನುಗ್ಗಿ ಬಂದು, ಕೊನೆಗೆ ರಾಜಿಯಾಗಬೇಕಾಯಿತು. ದಿಲ್ಲಿಯ ಕುದುರೆಗಳ ಕಾಲಿನ ಗಂಟು ಆಗ ಯಾವ ಸ್ಥಿತಿಯಲ್ಲಿತ್ತು ಎಂಬ ವಿಚಾರ ಇನ್ನೂ ಸಂಶೋಧಕರ ದಾರಿ ಕಾಯುತ್ತಿದೆ.

ಸಾಹಿತ್ಯದ ಕಡೆಯೂ ಇದೇ ಅವಸ್ಥೆ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ಮಳೆಯಲ್ಲಿ, ಕಾಡಿನಲ್ಲಿ, ಗುಡ್ಡ ಹತ್ತಿಳಿದು ನಡೆದ ದೂರಕ್ಕೆ ಲೆಕ್ಕವಿಲ್ಲ. ಅವನ ನಾಯಿ ಹುಲಿಯನ ಬಗ್ಗೆ ವಿಮರ್ಶಕರು ಕಣ್ಣೀರು ಹಾಕಿದ್ದಾರೆ. ಗುತ್ತಿಯ ಪಾದದ ಬಗ್ಗೆ ಒಂದು ಅಡಿಟಿಪ್ಪಣಿಯನ್ನಾದರೂ ಯಾರಾದರೂ ಬರೆದರೇ?

ಇನ್ನು ಕವಾಯತು. ಅದು ಪರದೇಶದ ವಸ್ತು ಎಂದು ತಳ್ಳಿಹಾಕುವಂತಿಲ್ಲ. ಕಾಂಗ್ರೆಸ್ಸಿನ ಸ್ವಯಂಸೇವಕರಿಗೆ ಶಿಸ್ತು ಕಲಿಸಲು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದವರು ನಮ್ಮವರೇ ಆದ ಡಾ. ನಾ. ಸು. ಹರ್ಡೀಕರ್. ಇಂದಿಗೂ ಬಿಳಿ ಟೋಪಿಯ ಸೇವಾದಳದ ಮಕ್ಕಳು ಎನ್‌ಸಿಸಿ, ಸ್ಕೌಟ್ಸ್ ಮಕ್ಕಳ ಜೊತೆ ಸಾಲುಗಟ್ಟುತ್ತಾರೆ. ಆದರೆ ಈ ಸೀಮೆಗೆ ಇನ್ನೊಂದು ಬಗೆಯ ನಡಿಗೆಯೂ ಗೊತ್ತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಒಡೆಯರ ಗದ್ದೆಗೆ ಇಳಿದಾಗ ‘ಬಾಯೇ, ದಾಹಿನೇ’ ಎಂದು ಯಾರೂ ಕೂಗಿರಲಿಲ್ಲ. ಮರುವರ್ಷ ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರನ್ನು ಸಾಗರ–ಹೊಸನಗರದ ಮತದಾರರು ವಿಧಾನಸಭೆಗೆ ಕಳಿಸಿದರು. ಮೂರು ತಾಲೂಕುಗಳು ಹೆಜ್ಜೆ ಕೂಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಪ್ರಬಂಧಕಾರನಿಗೆ ಸಿಕ್ಕಿಲ್ಲ.

4. ನಿದಾನ ಪ್ರಕರಣ

ಸುಶ್ರುತನು ಹೇಳಿದ 107 ಮರ್ಮಗಳಲ್ಲಿ ಗುಲ್ಫವೂ, ಅಂದರೆ ಕಾಲಿನ ಗಂಟೂ, ಒಂದು. ಅದು ರುಜಾಕರ ಮರ್ಮ. ಪೆಟ್ಟು ಬಿದ್ದರೆ ಪ್ರಾಣ ಹೋಗುವುದಿಲ್ಲ, ನೋವು, ಕಾಲು ಮರಗಟ್ಟುವುದು, ಕುಂಟು ಇಷ್ಟು ಬರುತ್ತದೆ. ಪಾದವನ್ನು ಅಂಕುಡೊಂಕಾಗಿ ಇಟ್ಟಾಗ ವಾತ ಕೆರಳಿ ಹುಟ್ಟುವ ನೋವಿಗೆ ಆತ ವಾತಕಂಟಕ ಎಂದು ಹೆಸರಿಟ್ಟ. ಆಧುನಿಕರ ಪ್ರಕಾರ ಪಾದ ಒಳಮುಖವಾಗಿ ಮಡಚಿದಾಗ ಹೊರಬದಿಯ ಅಸ್ಥಿರಜ್ಜುಗಳು ಹಿಗ್ಗಿ ಹರಿಯುತ್ತವೆ. ಅವುಗಳಲ್ಲೂ ಮುಂದಿನದು ಮೊದಲು ಸೋಲೊಪ್ಪುತ್ತದೆ.

ಇದರ ಮೂಲ ಕವಾಯತಿನಲ್ಲೇ ಇದೆ. ಪಾದದ ಕೀಲಿನೊಳಗೆ ಕೂರುವ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಬೆರಳುಗಳು ಮೇಲ್ಮುಖವಾಗಿದ್ದಾಗ ಅಗಲದ ಭಾಗ ಗೂಡಿನಲ್ಲಿ ಬಿಗಿಯಾಗಿ ಕೂರುತ್ತದೆ. ಬೆರಳುಗಳು ಕೆಳಮುಖವಾದ ಕೂಡಲೇ ಕಿರಿದಾದ ಭಾಗ ಗೂಡಿಗೆ ಬಂದು ಕೀಲು ಸಡಿಲಾಗುತ್ತದೆ. ‘ಕದಮ್ ತಾಲ್’ ಎಂದರೆ ಏನು? ಮೊಣಕಾಲು ಮೇಲೆ, ಪಂಜ ಕೆಳಗೆ, ಆಮೇಲೆ ದಡ್ ಎಂದು ನೆಲಕ್ಕೆ. ಕೀಲು ಅತ್ಯಂತ ಸಡಿಲಾಗಿರುವ ಭಂಗಿಯನ್ನೇ ಹುಡುಕಿ, ಅದೇ ಭಂಗಿಯಲ್ಲಿ, ಪಾಚಿಗಟ್ಟಿದ ಮೈದಾನವನ್ನು ಒದೆಯುವ ಕ್ರಿಯೆ ಇದು. ವೇಗವೋ, ನಿಮಿಷಕ್ಕೆ 120 ಹೆಜ್ಜೆ. ಹೆಜ್ಜೆಗೆ 30 ಇಂಚು. ಒಟ್ಟು ನಿಮಿಷಕ್ಕೆ 300 ಅಡಿ. ದಬ್ಬೆಯ ಮೇಲೆ ಈ ವೇಗದಲ್ಲಿ ಹೋದವರು ಕೊಟ್ಟಿಗೆಗಲ್ಲ, ನೇರವಾಗಿ ಆಸ್ಪತ್ರೆಗೆ ತಲುಪುತ್ತಾರೆ.

ಇಷ್ಟರ ಮೇಲೆ ‘ದಾಹಿನೇ ದೇಖ್’. ಮಲೆನಾಡಿನ ನೆಲ ‘ಕೆಳಗೆ ನೋಡು’ ಎನ್ನುತ್ತದೆ, ಕಮಾಂಡರ್ ‘ಬಲಕ್ಕೆ ನೋಡು’ ಎನ್ನುತ್ತಾನೆ. ಬಲಗಡೆ ವೇದಿಕೆಯಿದೆ, ಸಾಗರದಲ್ಲಾದರೆ ಉಪವಿಭಾಗಾಧಿಕಾರಿ, ಹೊಸನಗರ, ತೀರ್ಥಹಳ್ಳಿಗಳಲ್ಲಾದರೆ ತಹಶೀಲ್ದಾರರು. ಗೌರವ ಬಲಗಡೆಗೆ, ಗುಂಡಿ ಮುಂದೆ.

ಎಡಗಾಲು ಉಳುಕುವುದು ಮೇಲೋ ಬಲಗಾಲೋ ಎಂಬ ವಿಷಯದಲ್ಲಿ ಎರಡು ಪಕ್ಷಗಳಿವೆ. ಹೆಜ್ಜೆ ಹೊರಡುವುದು ಎಡಗಾಲಿನಿಂದ, ‘ಥಮ್’ ಎಂದಾಗ ಕೊನೆಗೆ ಬಂದು ಬೀಳುವುದು ಬಲಗಾಲು. ಆದ್ದರಿಂದ ಎಡಗಾಲಿನ ಉಳುಕು ಆರಂಭದೋಷ, ಬಲಗಾಲಿನದು ಅಂತ್ಯದೋಷ. ಆರಂಭದಲ್ಲೇ ಕುಂಟಿದವನನ್ನು ಮೇಷ್ಟ್ರು ಹೊರಗೆ ಕಳಿಸಬಹುದು; ಅಂತ್ಯದಲ್ಲಿ ಕುಂಟಿದವನಿಗೆ ಅಷ್ಟರಲ್ಲಿ ಚಪ್ಪಾಳೆ ಬಿದ್ದಿರುತ್ತದೆ. ಬಲಗಾಲಿನ ಪಕ್ಷವೇ ಪ್ರಬಲ.

5. ಚಿಕಿತ್ಸಾ ಪಂಥಗಳು

ಸಂದರ್ಭವೊಂದನ್ನು ಕಲ್ಪಿಸಿಕೊಳ್ಳೋಣ. ಆಗಸ್ಟ್ 12ರ ಸಂಜೆ. ಅಭ್ಯಾಸ ಮುಗಿಸಿ ಬಂದ ಎಂಟನೇ ತರಗತಿಯ ಹುಡುಗ ತೋಟದ ಸಂಕ ದಾಟಿ, ದರೆ ಇಳಿಯುವಾಗ ಕಾಲು ಮಡಚಿಕೊಂಡಿದ್ದಾನೆ. ಬಿಳಿ ಕ್ಯಾನ್ವಾಸ್ ಶೂ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿದೆ; 15ನೇ ತಾರೀಖಿಗೆ ಅದು ಒಣಗುವುದಿಲ್ಲ, ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗುತ್ತದೆ. ಹುಡುಗ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾನೆ.

“ಎಂತ ಆತೋ?” ಎಂದು ಅಜ್ಜಿ ಕೇಳುವಷ್ಟರಲ್ಲಿ ವೀಳ್ಯದ ತಟ್ಟೆಯ ಸುಣ್ಣ ಅವರ ಬೆರಳ ತುದಿಯಲ್ಲಿದೆ. ಸುಣ್ಣಕ್ಕೆ ಅರಿಶಿನ ಸೇರಿಸಿ ಕಲಸಿದರೆ ಕೆಂಪಾಗುತ್ತದೆ. ಹಚ್ಚಿದ ಮೇಲೆ ಊತ ಇಳಿಯಿತೋ ಇಲ್ಲವೋ ಎಂದು ಬಣ್ಣದ ದೆಸೆಯಿಂದ ಯಾರಿಗೂ ಗೊತ್ತಾಗುವುದಿಲ್ಲ. ಇದೇ ಈ ಪಂಥದ ಬಲ. ಪಕ್ಕದ ಮನೆಯ ಗೌಡರದ್ದು ಪತ್ರ ಪಂಥ: ಎಕ್ಕದ ಎಲೆಗೆ ಎಣ್ಣೆ ಸವರಿ, ಬೆಂಕಿಗೆ ಹಿಡಿದು ಕಟ್ಟಬೇಕು. ಅತ್ತೆಯದ್ದು ಆಮ್ಲ ಪಂಥ: ಹುಣಸೆಹಣ್ಣು, ಉಪ್ಪು ಕುದಿಸಿ ಬಿಸಿ ಬಿಸಿ ಹಚ್ಚಬೇಕು. ಇವರೆಲ್ಲರನ್ನೂ ಮೀರಿಸಿದ್ದು ಪಾದೋದಯ ಪಂಥ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ತುಳಿದರೆ ಉಳುಕು ಹೋಗುತ್ತದೆ ಎಂಬುದು ಇದರ ಮೂಲ ಪ್ರಮಾಣ. ಅಂಥವರೊಬ್ಬರು ಊರಿನಲ್ಲಿ ಇದ್ದೇ ಇರುತ್ತಾರೆ. ಮಳೆಯಲ್ಲಿ ಕೊಡೆ ಹಿಡಿದು ಬಂದು, ಕಾಫಿ ಕುಡಿದು, ಕರ್ತವ್ಯ ಮುಗಿಸಿ ಹೋಗುತ್ತಾರೆ.

ಕೊನೆಗೆ ಬಂದವರು ಊರಿನ ಆಶಾ ಕಾರ್ಯಕರ್ತೆ, ಎಲ್ಲರ ಬಾಯಲ್ಲಿ ಆಶಾ ಅಕ್ಕ. ಅವರು ಕಾಲಿನ ಗಂಟಿನ ಮೂಳೆಯನ್ನು ಎರಡು ಬದಿಗೂ ಒತ್ತಿ ನೋಡಿ, “ನಾಲ್ಕು ಹೆಜ್ಜೆ ನಡಿ ನೋಡನ” ಎಂದರು. ಹುಡುಗ ಹಲ್ಲುಕಚ್ಚಿ ನಡೆದ. “ಮೂಳೆಗೆ ಏನೂ ಆದಂಗೆ ಕಾಣಲ್ಲ. ತಿಕ್ಕಬೇಡಿ, ಎಳೆಯಬೇಡಿ, ಬಿಸಿ ಹಚ್ಚಬೇಡಿ. ಬಟ್ಟೆ ಸುತ್ತಿ, ಕಾಲು ಮೇಲಿಟ್ಕಂಡು ಸುಮ್ಮನೆ ಮಲಗ್ಲಿ” ಎಂದು ಹೇಳಿ ಹೊರಟರು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ವೈದ್ಯರು ರೂಪಿಸಿದ ನಿಯಮವೂ ಇಷ್ಟೇ: ಗಂಟಿನ ಮೂಳೆಯ ಹಿಂಬದಿಯ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ, ಇಲ್ಲವೇ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ. ಆಶಾ ಅಕ್ಕನ ಮಾತನ್ನು ಮನೆಯವರೆಲ್ಲ ಗೌರವದಿಂದ ಕೇಳಿದರು. ಆಮೇಲೆ ಹುಣಸೆಹಣ್ಣು ಕುದಿಸಿದರು.

6. ಐಸು ವಿಚಾರ

ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ವಿಶ್ರಾಂತಿ, ಐಸು, ಬಿಗಿಕಟ್ಟು, ಕಾಲೆತ್ತಿ ಇಡುವುದು ಎಂಬ ನಾಲ್ಕು ಅಂಗಗಳ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಇದರ ಎರಡನೇ ಅಂಗ ಮಲೆನಾಡಿನಲ್ಲಿ ವಿಶೇಷ ತೊಡಕನ್ನು ತರುತ್ತದೆ. ಆಗಸ್ಟ್ ತಿಂಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಫ್ರಿಜ್ಜು ಬೀರುವಿನ ಪದವಿಗೆ ಇಳಿದಿರುತ್ತದೆ. ಆಗ ಐಸಿನ ಏಕೈಕ ಆಕರ ಘಟ್ಟ ಹತ್ತಿ ಬರುವ ಮೀನಿನ ಪೆಟ್ಟಿಗೆ. ಆದರೆ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೆಟ್ಟಿಗೆಗಳು ಸರಿಯಾಗಿ ಬರತೊಡಗುವುದು ಆಗಸ್ಟಿನಲ್ಲಿ.

ಇಲ್ಲಿಯೇ ಶಾಸ್ತ್ರ ಕಗ್ಗಂಟಾಗುವುದು. ಸಣ್ಣ ಉಳುಕು ಮಾಯಲೂ ಒಂದೆರಡು ವಾರ ಬೇಕು. ಆದ್ದರಿಂದ 15ಕ್ಕೆ ನಡೆಯಬೇಕಾದರೆ ಜುಲೈ ಮುಗಿಯುವುದರೊಳಗೆ ಉಳುಕಬೇಕು. ಐಸು ಸಿಗಬೇಕಾದರೆ ಆಗಸ್ಟ್ ಹುಟ್ಟಿದ ಮೇಲೆ ಉಳುಕಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ. ಅದೃಷ್ಟಕ್ಕೆ 2014ರಲ್ಲಿ ಮರ್ಕಿನ್ ಅವರೇ ಐಸಿನಿಂದ ಗಾಯ ಮಾಯುವುದು ತಡವಾಗುತ್ತದೆ ಎಂದು ಹೇಳಿ, ಹೊಸನಗರದ ಮೀನು ಮಾರುವವರನ್ನು ಈ ಹೊಣೆಯಿಂದ ಬಿಡುಗಡೆ ಮಾಡಿದರು.

7. ಪೂರ್ವಪಕ್ಷ

ಉಳುಕಿದವನನ್ನು ಕೈಬಿಡುವುದು ಬೇಡ, ಜಾಗ ಬದಲಿಸಿ ನಡೆಸಬಹುದು ಎಂಬ ವಾದವಿದೆ. ‘ದಾಹಿನೇ ದೇಖ್’ ಎಂದಾಗ ಬಲತುದಿಯ ರೈಟ್ ಮಾರ್ಕರ್ ಮಾತ್ರ ಕತ್ತು ತಿರುಗಿಸುವುದಿಲ್ಲ. ದಿಕ್ಕು ತಪ್ಪದಿರಲೆಂದು ನೇರ ನೋಡುತ್ತಾನೆ. ಇಡೀ ಮೈದಾನದಲ್ಲಿ ಗುಂಡಿ ಕಾಣಿಸುವ ಭಾಗ್ಯ ಅವನೊಬ್ಬನದೇ. ಆದ್ದರಿಂದ ಉಳುಕಿದವನನ್ನೇ ರೈಟ್ ಮಾರ್ಕರ್ ಮಾಡಿರಿ ಎನ್ನುತ್ತಾರೆ. ಇದಕ್ಕೆ ಆಕ್ಷೇಪವೇನೆಂದರೆ, ಸಾಲು ನೇರಗೊಳ್ಳುವುದು ಅವನನ್ನು ನೋಡಿಯೇ. ಅವನು ಕುಂಟಿದರೆ ಎರಡನೆಯವನು ಕುಂಟುತ್ತಾನೆ. ಎರಡನೆಯವನನ್ನು ನೋಡಿ ಮೂರನೆಯವನು. ಇಡೀ ತುಕಡಿ ಒಂದೇ ತಾಳಕ್ಕೆ ಕುಂಟಿದರೆ ಅದನ್ನು ದೋಷವೆಂದು ತೀರ್ಪುಗಾರರು ಹೇಳುವಂತಿಲ್ಲ, ಬಹುಮಾನ ಕೊಡಬೇಕಾಗುತ್ತದೆ. ಮರುವರ್ಷ ಮೂರೂ ತಾಲೂಕಿನ ಶಾಲೆಗಳು ಅದನ್ನೇ ಅಭ್ಯಾಸ ಮಾಡುತ್ತವೆ.

8. ಸಿದ್ಧಾಂತ

ವಿಚಿತ್ರವೆಂದರೆ, ನಾವು ಹುಡುಕುತ್ತಿರುವ ಪರಿಹಾರ ಕವಾಯತಿನ ಪುಸ್ತಕದಲ್ಲೇ ಇದೆ. ಮೂರು ಸಾಲಿನ ತುಕಡಿಯಲ್ಲಿ ಜನ ಕಡಿಮೆ ಬಿದ್ದರೆ ಎಡದಿಂದ ಎರಡನೆಯ ಫೈಲಿನಲ್ಲಿ, ಅಂದರೆ ಒಬ್ಬರ ಹಿಂದೊಬ್ಬರು ನಿಂತವರ ಸಾಲಿನಲ್ಲಿ, ಜಾಗ ಖಾಲಿ ಬಿಡುತ್ತಾರೆ; ಅದಕ್ಕೆ ಬ್ಲಾಂಕ್ ಫೈಲ್ ಎಂದು ಹೆಸರು. ಮುಂದಿನಿಂದಲೂ ಪಕ್ಕದಿಂದಲೂ ನೋಡುವವರಿಗೆ ಆ ಖಾಲಿ ಜಾಗ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಯುದ್ಧಕ್ಕೆ ಜನರನ್ನು ತಯಾರು ಮಾಡುವ ಸೈನ್ಯ, ಒಬ್ಬ ಬಾರದೆ ಇರಬಹುದು ಎಂದು ಲೆಕ್ಕ ಹಾಕಿ, ಅವನ ಗೈರಿಗೂ ಒಂದು ಜಾಗ ಗೊತ್ತುಮಾಡಿಟ್ಟಿದೆ. ಅಜ್ಜಿ, ಗೌಡರು, ಅತ್ತೆ, ಕಾಲು ಮುಂದಾಗಿ ಹುಟ್ಟಿದವರು, ಪೀಟಿ ಮೇಷ್ಟ್ರು ಇವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಇವರೆಲ್ಲರ ಬಳಿಯೂ ಔಷಧಿ ಇತ್ತು, ‘ಈ ಸಲ ಬೇಡ ಬಿಡು’ ಎನ್ನುವ ಮಾತು ಮಾತ್ರ ಯಾರ ಬಳಿಯೂ ಇರಲಿಲ್ಲ. ಇದ್ದದ್ದು ಆಶಾ ಅಕ್ಕನ ಬಳಿ. ಅವರದ್ದು ಸಂಬಳವಲ್ಲ, ಗೌರವಧನವಾದ್ದರಿಂದ ಅವರ ಮಾತಿಗೂ ಗೌರವ ಮಾತ್ರ ಸಂದಿತು.

ಆದ್ದರಿಂದ ನಿರ್ಣಯ: ಮಲೆನಾಡಿನಲ್ಲಿ ಉಳುಕಿಗೆ ಕಾರಣ ಮಳೆ; ಉಳುಕು ವಾಸಿಯಾಗದಿರಲು ಕಾರಣ ಹಾಜರಿ.

9. ಫಲಶ್ರುತಿ

ಈ ಪ್ರಬಂಧವನ್ನು ಆಗಸ್ಟ್ ಮೊದಲ ವಾರದಲ್ಲಿ ಓದುವ ಪೀಟಿ ಮೇಷ್ಟ್ರಿಗೆ ಬಹುಮಾನವೂ, ಓದಿಸುವ ಮುಖ್ಯೋಪಾಧ್ಯಾಯರಿಗೆ ಬೇಕಾದ ಊರಿಗೆ ವರ್ಗವೂ ಲಭಿಸುತ್ತದೆ. ಕೇಳಿಸಿಕೊಳ್ಳುವ ಹುಡುಗನಿಗೆ ಬ್ಲಾಂಕ್ ಫೈಲಿನಲ್ಲಿ ಹಾಜರಿಯೂ, ಬೆಂಚಿನ ಮೇಲೆ ಕಾಲೆತ್ತಿ ಕೂರುವ ಯೋಗವೂ, ಸಾಲಿನಲ್ಲಿ ನಿಲ್ಲದೆಯೇ ಲಾಡೂ ಸಿಗುತ್ತವೆ. ವೇದಿಕೆಯ ಒದ್ದೆ ಮೆಟ್ಟಿಲು ಇಳಿಯುವ ಅಧಿಕಾರಿಗಳು ಎರಡನೇ ಪ್ರಕರಣವನ್ನು ಮಾತ್ರ ಓದಿದರೂ ಸಾಕು. ಬಲಕ್ಕೆ ನೋಡಿ ಕೈಬೀಸುವುದು ಅವರಿಗೂ ಒಳ್ಳೆಯದಲ್ಲ.