ಗ್ರಂಥಋಣ ಮೀಮಾಂಸೆ: ಐವಾನ್-ಎ-ಶಾಹಿ ಪಂಥದ ನಿರ್ಣಯಗಳು

ಗ್ರಂಥಋಣದ ಪಟ್ಟಿ ಹುಟ್ಟುವುದು ಪ್ರಬಂಧಕ್ಕಿಂತ ಮೊದಲೋ ಆಮೇಲೋ ಎಂಬುದು ಮೊದಲ ಸಂಶಯ. ಒಂದು ಪುಟ ಬರೆಯುವ ಮುನ್ನವೇ ಹಿರಿಯ ಸಹಪಾಠಿಯ ಪಟ್ಟಿ ಪೆನ್‌ಡ್ರೈವ್‌ನಲ್ಲಿ ಬಂದು ಕೂತಿರುವುದರಿಂದ ‘ಮೊದಲು’ ಎಂದೇ ಐವಾನ್-ಎ-ಶಾಹಿ ಪಂಥದ ನಿರ್ಣಯ. (ಈ ಪಂಥದಲ್ಲಿ ಸದ್ಯಕ್ಕೆ ಇರುವವನು ನಾನೊಬ್ಬನೇ. ಉಲ್ಲೇಖಿಸುವವರು ‘ಮತ್ತು ಇತರರು’ ಎಂದು ಸೇರಿಸಿಕೊಂಡರೆ ಅಭ್ಯಂತರವಿಲ್ಲ.)

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಪಟ್ಟಿ ನಮ್ಮ ಕಲಬುರಗಿ ಜಿಲ್ಲೆಯದೇ. ಮಳಖೇಡದ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಗದ್ಯಕ್ಕೆ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸಿ, ಮಿಕ್ಕವರನ್ನು ‘ಮೊದಲಾದವರು’ ಎಂದು ಮುಗಿಸುತ್ತದೆ. ಇಸವಿಯಿಲ್ಲ, ಪ್ರಕಾಶಕರಿಲ್ಲ, ಪುಟಸಂಖ್ಯೆಯಿಲ್ಲ, ಅಕಾರಾದಿಯಂತೂ ಇಲ್ಲವೇ ಇಲ್ಲ. ಈ ನಾಲ್ವರ ಒಂದು ಕನ್ನಡ ಗ್ರಂಥವೂ ಇಂದು ಸಿಗುವುದಿಲ್ಲ. ಆದರೂ ಕವಿರಾಜಮಾರ್ಗಕಾರ ಅವನ್ನು ಓದಿದ್ದ ಎಂದು ನಂಬುತ್ತೇವೆ. ಈಗಿನ ಪಟ್ಟಿಗಳ ಗ್ರಂಥಗಳೆಲ್ಲ ಲೈಬ್ರರಿಯಲ್ಲೇ ಇವೆ. ನಂಬಿಕೆ ಮಾತ್ರ ಬರುವುದಿಲ್ಲ.

ಪದ್ಯದವರ ಸಾಲಿನಲ್ಲಿ ಮೊದಲ ಹೆಸರೇ ಶ್ರೀವಿಜಯ. ಕೆ.ಬಿ. ಪಾಠಕರು 1898ರಲ್ಲಿ ಗ್ರಂಥವನ್ನು ಅಚ್ಚಿಗೆ ತಂದ ಮೇಲೆ, ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ಗುದ್ದಾಡಿದರು. ಶ್ರೀವಿಜಯನೇ ಎಂದಾದರೆ, ಮತ್ತು ಪಟ್ಟಿಯಲ್ಲಿರುವವನೂ ಅವನೇ ಆದರೆ, ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವ ವಿದ್ಯೆಗೂ ಕಲಬುರಗಿಯೇ ತವರು.

ಇನ್ನು ಅಡ್ಡಹೆಸರು ಮೊದಲು ಬರಬೇಕೆಂಬ ಸೂತ್ರ. ಕವಿರಾಜಮಾರ್ಗದ ಪರಿಸರದ ಮೇಲೆ ಸಂಶೋಧನೆ ಮಾಡಿದ ಎಂ.ಎಂ. ಕಲಬುರ್ಗಿಯವರು ಈ ಸೂತ್ರದಿಂದ ‘ಕಲಬುರ್ಗಿ, ಎಂ.ಎಂ.’ ಆಗುತ್ತಾರೆ; ಅದು ಸರಿಯೇ. ಅದೇ ಸೂತ್ರ ಹಿಡಿದ ಒಬ್ಬ ವಿದ್ಯಾರ್ಥಿ, ನಿಜಾಮರ ಕಾಲದ ನಮ್ಮ ಅತಿಥಿಗೃಹ ಐವಾನ್-ಎ-ಶಾಹಿಯನ್ನು ‘ಶಾಹಿ, ಐ.ಎ.’ ಎಂದು ಲೇಖಕರ ಸಾಲಿಗೆ ಸೇರಿಸಿದ. ಡಿಟಿಪಿ ಹುಡುಗನಿಗೆ ಅದರಲ್ಲಿ ತೊಂದರೆ ಕಾಣಲಿಲ್ಲ. ಅವನದು ಬೇರೆ ಚಿಂತೆ: “ಸರ್, ಐ.ಎ. ಆದಮ್ಯಾಲ ಕಾಮಾ ಹಾಕ್ಲೇನ್ರಿ, ಚುಕ್ಕಿ ಸಾಕೇನ್ರಿ?” ಗೈಡ್ ಕೆಂಪು ಪೆನ್ನಿನಲ್ಲಿ ತಿದ್ದಿದ್ದೂ ಆ ಕಾಮಾವನ್ನೇ. ಶಾಹಿಯವರು ಹಾಗೇ ಉಳಿದರು.

ಪ್ರಕಟಣೆಯ ಊರಿನದು ಜಟಿಲ ಪ್ರಶ್ನೆ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಮಾತ್ರ ಹಳೆಯ ಹೆಸರಿನಲ್ಲೇ ಇದ್ದುದರಿಂದ ‘ಗುಲಬರ್ಗಾ ವಿಶ್ವವಿದ್ಯಾಲಯ, ಕಲಬುರಗಿ’ ಎಂದು ಒಂದೇ ಸಾಲಿನಲ್ಲಿ ಎರಡನ್ನೂ ಬರೆಯುವುದು ರೂಢಿಯಾಯಿತು. ನಾವು ಕೈಪಳಗಿಸಿಕೊಳ್ಳುವಷ್ಟರಲ್ಲಿ, 2019ರಲ್ಲಿ, ಎಪಿಎ ಶೈಲಿಯ ಏಳನೇ ಆವೃತ್ತಿ ಬಂದು ಊರಿನ ಹೆಸರೇ ಬೇಡ ಎಂದಿತು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಊರಿನ ಹೆಸರಿನಿಂದಲೇ ಜಿಐ ಮಾನ್ಯತೆ. ಪುಸ್ತಕಕ್ಕೆ ಅಷ್ಟೂ ಯೋಗ್ಯತೆ ಇಲ್ಲವಂತೆ!

ಆದಕಾರಣ ಮೌಖಿಕ ಪರೀಕ್ಷೆಗೆ ಬರುವ ಮಹನೀಯರಲ್ಲಿ ಪಂಥದ ಒಂದೇ ವಿನಂತಿ: ಕಾಮಾ ಎಣಿಸಿ ಮುಗಿದ ಮೇಲೆ ಪಟ್ಟಿಯ ಯಾವುದಾದರೂ ಒಂದು ಪುಸ್ತಕದ ಮೇಲೆ ಬೆರಳಿಟ್ಟು, ಅದರಲ್ಲಿ ಏನಿದೆ ಎಂದು ಅಭ್ಯರ್ಥಿಯನ್ನು ಕೇಳಿ. ಗೈಡ್ ಅವರನ್ನು ಆಗ ಹೊರಗೆ ಚಹಾಕ್ಕೆ ಕಳಿಸಿರಿ.