ಇಂಟರ್‌ಕೂಲರ್ ಭಾವ

ಕಾರು ಕೊಂಡರೆ ಕೆಲಸ ಮುಗಿಯಿತು, ಇನ್ನು ಓಡಿಸುವುದಷ್ಟೇ ಬಾಕಿ ಎಂದು ನಾವು ನೀವು ತಿಳಿದಿರುತ್ತೇವೆ. ಕೆಲವರಿಗೆ ಮಾತ್ರ ಕಾರು ಕೊಂಡ ದಿನದಿಂದಲೇ ಕೆಲಸ ಶುರು. ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಗಾಡಿಯಲ್ಲಿ ಏನೋ ಒಂದನ್ನು ಮರೆತಿದ್ದಾರೆ, ಅದನ್ನು ತಾವು ಭಾನುವಾರ ತಿಂಡಿಗೂ ಊಟಕ್ಕೂ ನಡುವೆ ಸರಿಮಾಡಬಹುದು ಎಂಬುದು ಇವರ ಗಟ್ಟಿ ನಂಬಿಕೆ. ಇವರ ಗಾಡಿಯ ಬಾನೆಟ್ಟು ಮುಚ್ಚಿದ್ದನ್ನು ಕಂಡವರಿಲ್ಲ. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರ್. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದವರನ್ನು "ನಿಮ್ಮದು ಎಷ್ಟು ಕೊಡುತ್ತೆ?" ಎಂದು ಕೇಳುತ್ತಾರೆ. ಕೇಳಿಸಿಕೊಂಡವರು ಸಂಬಳದ ಮಾತೆಂದು ಗಾಬರಿಯಾದರೆ ಅದು ಇವರ ತಪ್ಪಲ್ಲ.

ಇವರಲ್ಲಿ ಹಾರ್ನಿನವರು, ಸೈಲೆನ್ಸರಿನವರು, ಹೆಡ್‌ಲೈಟಿನವರು ಎಂದು ಒಳಪಂಗಡಗಳುಂಟು. ಅವರನ್ನು ಹೇಗೋ ಸಹಿಸಿಕೊಳ್ಳಬಹುದು. ನನ್ನ ಪಾಲಿಗೆ ಬಂದವರು ಇಂಟರ್‌ಕೂಲರಿನವರು. ಖುದ್ದು ನನ್ನ ಅಕ್ಕನ ಗಂಡ. ಸಕಲೇಶಪುರದ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ, ಸಾಲ ಕೊಡುವಾಗ ಮಹಾ ಬಿಗಿ. ಬೆಂಗಳೂರಿನಲ್ಲಿ ಮನೆ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಹಳೆಯ ಡೀಸೆಲ್ ಗಾಡಿ ಇದೆ. ಅದರ ಬಾನೆಟ್ಟಿನ ಮೇಲೆ ಗಾಳಿ ಒಳಹೋಗಲು ಒಂದು ಬಾಯಿ.

ಆ ಬಾಯಿಯ ಕಥೆಯನ್ನು ನಾನು ಇಡ್ಲಿ ತಿನ್ನುತ್ತಾ ಕೇಳಿದ್ದೇನೆ, ಶ್ರಾದ್ಧದ ಮನೆಯಲ್ಲಿ ಕೇಳಿದ್ದೇನೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೂ ಕೇಳಿದ್ದೇನೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಲ್ಲಿಂದ ಅದು ಶುರುವಾಗುತ್ತದೆ. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುವುದು ಟರ್ಬೊ. ತುರುಕಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಇದು ಗೊತ್ತು. ಹೊರಗಿನ 30 ಡಿಗ್ರಿ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ ಅದು 100 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳು, ತಣ್ಣಗಿನದು ದಟ್ಟ. 10 ಡಿಗ್ರಿ ಇಳಿದರೆ ಹೆಚ್ಚುಕಮ್ಮಿ ಶೇಕಡಾ 3ರಷ್ಟು ಹೆಚ್ಚು ಗಾಳಿ ಅದೇ ಜಾಗದಲ್ಲಿ ಹಿಡಿಯುತ್ತದೆ. ಹಾಗಾಗಿ ನಡುವೆ ಒಂದು ಅಲ್ಯೂಮಿನಿಯಂ ಜಾಲರಿ, ಅದೇ ಇಂಟರ್‌ಕೂಲರ್. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಅದಿಲ್ಲದೆ ನೀರು, ಮೆಥನಾಲ್ ಬೆರೆಸಿ ಕುಡಿಸುತ್ತಿದ್ದರಂತೆ. ಇಷ್ಟು ಹೊತ್ತಿಗೆ ಇಡ್ಲಿ ಆರಿರುತ್ತದೆ.

ಭಾವನ ತಕರಾರು ಇಂಟರ್‌ಕೂಲರಿನ ಮೇಲಲ್ಲ, ಅದನ್ನು ಇಟ್ಟ ಜಾಗದ ಮೇಲೆ. ಬಹಳ ಗಾಡಿಗಳಲ್ಲಿ ಅದು ಮುಂದೆ, ಬಂಪರಿನ ಹಿಂದೆ ಇರುತ್ತದೆ. ಇವರದರಲ್ಲಿ ಎಂಜಿನ್ನಿನ ನೆತ್ತಿಯ ಮೇಲೆ. ಉರಿಯುವ ಒಲೆಯ ಮೇಲೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ. ಓಡುವಾಗ ಬಾನೆಟ್ಟಿನ ಬಾಯಿಯಿಂದ ಗಾಳಿ ಬಡಿದು ತಣ್ಣಗಾಗುತ್ತದೆ, ಸರಿ. ನಿಂತಾಗ?

"ಬೆಂಗಳೂರಲ್ಲಿ ಗಾಡಿ ಓಡೋದು ಎಷ್ಟು, ನಿಲ್ಲೋದು ಎಷ್ಟು, ನೀನೇ ಹೇಳು ಮಾರಾಯ" ಎಂದರು. ಈ ಒಂದು ಮಾತಿಗೆ ನನ್ನಲ್ಲಿ ಎದುರುತ್ತರ ಇರಲಿಲ್ಲ. ಫ್ಯಾನು ಹುಟ್ಟಿದ್ದು ಹೀಗೆ.

ಶಿವಾಜಿನಗರದ ಗುಜರಿಯಲ್ಲಿ ಮಾರುತಿ 800ರ ರೇಡಿಯೇಟರ್ ಫ್ಯಾನು ಸಿಕ್ಕಿತು. ಜೆ.ಸಿ. ರಸ್ತೆಯಲ್ಲಿ ರಿಲೇ, ಫ್ಯೂಸು, ವೈರು. ನನ್ನ ಕೆಲಸ ಟಾರ್ಚು ಹಿಡಿಯುವುದು. ಕನ್ನಡ ಎಂ.ಎ. ಮಾಡಿದವನಿಗೆ ಬಾನೆಟ್ಟಿನ ಕೆಳಗೆ ಇದಕ್ಕಿಂತ ದೊಡ್ಡ ಹುದ್ದೆ ಸಿಗುವುದಿಲ್ಲ. ಆದರೂ ರಿಲೇಯ ಕಾಲುಗಳು ನನಗೆ ಬಾಯಿಪಾಠ: 30ಕ್ಕೆ ಬ್ಯಾಟರಿ, 87ಕ್ಕೆ ಫ್ಯಾನು, 85 ಮತ್ತು 86 ಸ್ವಿಚ್ಚಿನ ಕಡೆ. ಹೆಂಡತಿಯ ಫೋನ್ ನಂಬರು ಕೇಳಿದರೆ ಮೊಬೈಲ್ ತೆಗೆಯಬೇಕು, ಇದು ಮಾತ್ರ ನಿದ್ದೆಗಣ್ಣಲ್ಲೂ ಬರುತ್ತದೆ.

ಫ್ಯಾನನ್ನು ಇಂಟರ್‌ಕೂಲರಿನ ಅಡಿಗೆ ಕೂರಿಸಿ, ಮೇಲಿನ ಬಾಯಿಯಿಂದ ತಣ್ಣನೆ ಗಾಳಿ ಎಳೆದು ಕೆಳಗೆ ಬಿಡಬೇಕೆಂಬುದು ಯೋಜನೆ. ತಗಡು ಕತ್ತರಿಸಿ ಸುತ್ತ ಕಟ್ಟಿದರು, ಕೇಬಲ್ ಟೈ ಬಿಗಿದರು, ಬಾನೆಟ್ಟು ಹಾಕಿದರು. ಪ್ರಯೋಗ ನೋಡಲು ಅಕ್ಕ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಅವರ ಮೊಮ್ಮಗ ಎಲ್ಲ ಸೇರಿದರು. ಭಾವ ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು ಬಾನೆಟ್ಟಿನ ಬಾಯಿಗೆ ಹಿಡಿದರು. "ನೋಡಿ, ಈಗ ಒಳಕ್ಕೆ ಎಳಕೊಳ್ಳುತ್ತೆ" ಎಂದು ನನಗೆ ಕಣ್ಸನ್ನೆ ಮಾಡಿದರು. ಸ್ವಿಚ್ಚು ಒತ್ತಿದೆ. ನೋಟು ಪುರ್ರನೆ ಮೇಲೆ ಹಾರಿ, ಮೇಷ್ಟ್ರ ತಲೆಯ ಮೇಲಿಂದ ಸಾಗಿ, ಅವರದೇ ದಾಸವಾಳದ ಗಿಡದಲ್ಲಿ ಸಿಕ್ಕಿಕೊಂಡಿತು. ಪ್ಲಸ್ಸು ಮೈನಸ್ಸು ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗಿ, ಎಂಜಿನ್ನಿನ ಬಿಸಿಯನ್ನೆಲ್ಲ ಇಂಟರ್‌ಕೂಲರಿನೊಳಗೆ ಹಾಯಿಸಿ ಆಕಾಶಕ್ಕೆ ಬಿಡುತ್ತಿತ್ತು. ಮೇಷ್ಟ್ರು ಬಹಳ ಗಂಭೀರವಾಗಿ, "ಇದರಿಂದ ಪೆಟ್ರೋಲ್ ಉಳಿಯುತ್ತದೆಯೇ?" ಎಂದು ಕೇಳಿದರು. "ಡೀಸೆಲ್" ಎಂದರು ಭಾವ. ವೈರು ಬದಲಿಸಿದ ಮೇಲೆ ನೋಟು ಜಾಲರಿಗೆ ಅಂಟಿಕೊಂಡಿತು. ಮೊಮ್ಮಗ ಚಪ್ಪಾಳೆ ಹೊಡೆದ. ಮೊದಲನೆಯದೇ ಚೆನ್ನಾಗಿತ್ತು ಎಂದೂ ಹೇಳಿದ.

ಆಮೇಲೆ ಶುರುವಾದದ್ದು ಫೋನು. ಗಾಡಿಗೆ ಚುಚ್ಚುವ ಒಂದು ಸಣ್ಣ ಡಬ್ಬಿ, ಅದರಿಂದ ಮೊಬೈಲಿಗೆ ಅಂಕಿ. ರಾತ್ರಿ ಊಟದ ಹೊತ್ತಿಗೆ, ಹಲೋ ಇಲ್ಲ, ಏನಿಲ್ಲ: "62 ಇತ್ತು, 55ಕ್ಕೆ ಬಂತು." ಯಾರಿಗೋ ಜ್ವರವೆಂದು ನನ್ನ ಹೆಂಡತಿ ಮೊದಲ ಸಲ ಹೆದರಿದ್ದಳು. ಅವರದೇ ಲೆಕ್ಕದ ಪ್ರಕಾರ 7 ಡಿಗ್ರಿಗೆ ಶೇಕಡಾ 2, ಅಂದರೆ ಆ ಗಾಡಿಗೆ ಎರಡು ಅಶ್ವಶಕ್ತಿ. ಅಷ್ಟೇನಾ ಎಂದೆ. "ಎರಡು ಕುದುರೆ ಸಾಕೋಕೆ ಎಷ್ಟಾಗುತ್ತೆ ಗೊತ್ತೇನೋ?" ಎಂದರು.

ಅವರ ಮೆಕ್ಯಾನಿಕ್ಕು ಆ ಎರಡನ್ನೂ ಕೊಡಲು ತಯಾರಿಲ್ಲ. ಎಷ್ಟು ಡೀಸೆಲ್ ಬಿಡಬೇಕೆಂದು ತೀರ್ಮಾನಿಸುವುದು ಗಾಡಿಯ ಕಂಪ್ಯೂಟರು, ಗಾಳಿ ತಣ್ಣಗಾಯಿತೆಂದು ಅದೇನೂ ಉದಾರವಾಗುವುದಿಲ್ಲ ಸಾರ್ ಎಂದ. ಅಲ್ಲದೆ ಗಾಡಿ ವೇಗ ಹಿಡಿದ ಮೇಲೆ ಬರುವ ಗಾಳಿಗೆ ಈ ಫ್ಯಾನೇ ಅಡ್ಡ ಎಂದೂ ಸೇರಿಸಿದ. ಭಾವ ಜಪಾನಿನ ಡೆಲಿಕಾ ವ್ಯಾನಿನ ಸಾಕ್ಷಿ ತಂದರು, ಅದಕ್ಕೆ ಮಿತ್ಸುಬಿಶಿಯವರೇ ಇಂಟರ್‌ಕೂಲರ್ ಫ್ಯಾನು ಹಾಕಿದ್ದರಲ್ಲ! ಮೆಕ್ಯಾನಿಕ್ಕು ಡೆಲಿಕಾ ನೋಡಿರಲಿಲ್ಲ. ಗೆದ್ದೆವು ಎಂದು ಭಾವ ನನಗೂ ಗೆಲುವಿನಲ್ಲಿ ಪಾಲು ಕೊಟ್ಟರು.

ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಒಮ್ಮೆ ಸಿಕ್ಕಿಕೊಂಡಿದ್ದೆವು. ಏಪ್ರಿಲ್ ಮಧ್ಯಾಹ್ನ. ಫ್ಯಾನು ಭರ್ರೋ ಎನ್ನುತ್ತಿದೆ. ನಿಂತ ಗಾಡಿಯಲ್ಲಿ ಟರ್ಬೊ ಗಾಳಿ ತುರುಕುವುದೇ ಇಲ್ಲವಲ್ಲ, ತಣಿಸುವುದು ಏನನ್ನು ಎಂದು ಕೇಳಿಯೇಬಿಟ್ಟೆ. ಭಾವ ನೊಂದುಕೊಳ್ಳದೆ ವಿವರಿಸಿದರು. ನಿಂತಾಗ ಎಂಜಿನ್ನಿನ ಕಾವನ್ನೆಲ್ಲ ಜಾಲರಿ ಹೀರಿಕೊಂಡು ಕೂತಿರುತ್ತದೆ, ಸಿಗ್ನಲ್ ಬಿಟ್ಟಾಗ ಮೊದಲ ಕೆಲವು ಸೆಕೆಂಡು ಗಾಡಿ ಮಂಕು. ಆ ಕೆಲವು ಸೆಕೆಂಡಿಗಾಗಿ ಇದೆಲ್ಲ. ಸಿಗ್ನಲ್ ಬಿಟ್ಟಿತು. ಗಾಡಿ ಚುರುಕಾಗಿ ನೆಗೆದು ಬಿ.ಎಂ.ಟಿ.ಸಿ. ಬಸ್ಸಿನ ಹಿಂದೆ ಮತ್ತೆ ನಿಂತಿತು. ಎಂಜಿನ್ನಿಗೆ ಹೊರೆಯಾಗಬಾರದೆಂದು ಎ.ಸಿ. ಬಂದ್. ಹಿಂದಿನ ಸೀಟಿನಲ್ಲಿ ಅಕ್ಕ ಯಾರದೋ ಲಗ್ನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಾ, "ಎಂಜಿನ್ನಾಗಿ ಹುಟ್ಟಬೇಕಿತ್ತು ನಾನು" ಎಂದಳು.

ಅಂಥ ಫ್ಯಾನಿಗೂ ಒಂದು ದಿನ ಬಂತು. ಸುಬ್ರಹ್ಮಣ್ಯದಿಂದ ವಾಪಸ್ಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಮಂಗಳೂರಿನ ಗ್ಯಾಸ್ ಟ್ಯಾಂಕರ್, ಓವರ್‌ಟೇಕಿಗೆ ಜಾಗವಿಲ್ಲ. ಎರಡನೇ ಗೇರು, ಏರು, ಟರ್ಬೊ ಪೂರ್ತಿ ದುಡಿಯುತ್ತಿದೆ, ನಡಿಗೆಗಿಂತ ತುಸು ಜಾಸ್ತಿ ವೇಗ, ಬಾನೆಟ್ಟಿನ ಬಾಯಿಗೆ ಗಾಳಿಯೇ ಇಲ್ಲ. ಇದಕ್ಕಿಂತ ಒಳ್ಳೆಯ ಜಾಗ ಆ ಫ್ಯಾನಿಗೆ ಇಡೀ ರಾಜ್ಯದಲ್ಲಿ ಇದ್ದಿರಲಾರದು. ಮೊಬೈಲಿನ ಅಂಕಿ ಏರುತ್ತಾ ಹೋಗಿ, ಸ್ವಿಚ್ಚು ಒತ್ತಿದ ಮೇಲೆ ನಿಂತು, ಒಂದೊಂದೇ ಇಳಿಯಿತು. ಭಾವ ಮಾತೇ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಎ.ಸಿ. ಹಾಕಿದರು.

ಮಾರನಹಳ್ಳಿ ಹತ್ತಿರ ಚಹಾಕ್ಕೆ ನಿಂತಾಗ ಹೇಳಿದರು: ಚಿಕ್ಕಂದಿನಲ್ಲಿ ಈ ಘಾಟಿಯಲ್ಲಿ ಝರಿ ಇರುವ ಕಡೆಯೆಲ್ಲ ಲಾರಿಗಳು ಬಾನೆಟ್ಟು ಎತ್ತಿ ನಿಂತಿರುತ್ತಿದ್ದವಂತೆ. ಕ್ಲೀನರು ಡಬ್ಬದಲ್ಲಿ ನೀರು ತಂದು, ಒದ್ದೆ ಗೋಣಿ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದರೆ ಆಳೆತ್ತರ ಆವಿ. ಶಾಲೆ ತಪ್ಪಿಸಿ ಅದನ್ನು ನೋಡುತ್ತಿದ್ದರಂತೆ. ಈಗ ಬಾನೆಟ್ಟು ಎತ್ತಿದರೆ ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ, ಅದರ ಮೇಲೆ ಕಂಪನಿಯ ಹೆಸರು. ಎಲ್ಲಿ ಕಾಯುತ್ತದೆ, ಎಲ್ಲಿ ಸೋರುತ್ತದೆ ಎಂದು ಕೈಯಿಟ್ಟು ನೋಡುವವರಿಲ್ಲ. ದೀಪ ಹತ್ತಿದರೆ ಸರ್ವೀಸ್ ಸೆಂಟರು, ಆರಿದರೆ ಬಿಲ್ಲು. ಗಾಡಿಯ ಜೊತೆ ನಮಗಿರುವ ನಂಟು ಕಂತು ಕಟ್ಟುವುದಷ್ಟೇ ಆಗಿಬಿಟ್ಟಿದೆ... ನಾನು ಯಾವಾಗ ಭಾವನ ಕಡೆಯ ವಕೀಲನಾದೆನೋ ತಿಳಿಯದು.

ಮೊನ್ನೆ ಹೋದಾಗ ಮೇಜಿನ ಮೇಲೆ ವೈಪರಿಗೆ ನೀರು ಚಿಮ್ಮಿಸುವ ಪುಟ್ಟ ಮೋಟಾರು ಇತ್ತು, ಪಕ್ಕದಲ್ಲಿ ಪೈಪು, ಎರಡು ನಾಝಲ್ಲು. ಸುಬಾರು ಇಂಪ್ರೆಝಾ ಎಸ್‌ಟಿಐ ಕಾರಿನಲ್ಲಿ ಇಂಟರ್‌ಕೂಲರಿನ ಮೇಲೆ ನೀರು ಚಿಮುಕಿಸುವ ಏರ್ಪಾಡನ್ನು ಕಂಪನಿಯೇ ಕೊಟ್ಟಿತ್ತಂತೆ. ನೀರು ಆವಿಯಾಗುವಾಗ ಕಾವನ್ನು ಎಳೆದುಕೊಂಡು ಹೋಗುತ್ತದೆ, ಫ್ಯಾನು ಯಾವ ಲೆಕ್ಕ?

"ಬೋರ್‌ವೆಲ್ ನೀರು ಆಗುತ್ತಾ ಭಾವ?" ನನ್ನ ಬಾಯಿಂದ ಬಂದುಬಿಟ್ಟಿತು.

"ಛೆ, ಜಾಲರಿಗೆಲ್ಲ ಸುಣ್ಣ ಕಟ್ಟುತ್ತೆ. ಕಾವೇರಿ ನೀರೇ ಆಗಬೇಕು."

ಅಡುಗೆಮನೆಯಿಂದ ಅಕ್ಕ ಕೂಗಿದಳು: "ರೀ, ಕಾವೇರಿ ಬಿಡೋದು ದಿನ ಬಿಟ್ಟು ದಿನ. ಮೊದಲು ಸಾರಿಗೆ, ಆಮೇಲೆ ನಿಮ್ಮ ಸುಬಾರುಗೆ!"